ಒಡೆದ ಬೆರಳು, ಮೂರು ತಿಂಗಳು

1999ರಲ್ಲಿ ನಾನು ಹುಬ್ಬಳ್ಳಿಯ ವಿದ್ಯಾನಗರದ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ವಾರ್ಡ್ ಸಿಸ್ಟರ್ ಆಗಿದ್ದೆ. ಆಗ ನಮ್ಮಲ್ಲಿ ಗ್ಲೌಸ್‌ಗಳನ್ನು ತೊಳೆದು, ಹಗ್ಗದ ಮೇಲೆ ಒಣಗಿಸಿ, ಪೌಡರ್ ಹಚ್ಚಿ ಮತ್ತೆ ಬಳಸುತ್ತಿದ್ದೆವು. ಅವೂ ಆಪರೇಷನ್ ಥಿಯೇಟರಿಗೆ ಮಾತ್ರ. ವಾರ್ಡಿನಲ್ಲಿ ಬರಿಗೈ ಕೆಲಸ. ಗ್ಲೌಸ್ ಕೇಳಿದ ಹೊಸ ಹುಡುಗಿಯರನ್ನು ‘ಭಾಳ ನಾಜೂಕು’ ಎಂದು ಛೇಡಿಸುತ್ತಿದ್ದವಳೂ ನಾನೇ.

ಜನವರಿಯಲ್ಲಿ ಈರಪ್ಪ ಎಂಬ ಕಿರಾಣಿ ಅಂಗಡಿಯವರು ಸ್ಕೂಟರಿನಿಂದ ಬಿದ್ದು ಬಂದರು. ಸೀಳಿದ ಕಾಲನ್ನು ಡಾಕ್ಟರು ಬರುವತನಕ ನಾನೇ ಒತ್ತಿ ಹಿಡಿದಿದ್ದೆ. ನನ್ನದು ದಿನಾ ಬೆಳಿಗ್ಗೆ ಎಂಟು ಜನರಿಗೆ ಜೋಳದ ರೊಟ್ಟಿ ಬಡಿಯುವ ಕೈ, ಚಳಿಗಾಲದಲ್ಲಿ ಬೆರಳೆಲ್ಲ ಒಡೆದಿರುತ್ತಿದ್ದವು. ನಾಲ್ಕನೆಯ ದಿನ ಅವರ ರಕ್ತದ ರಿಪೋರ್ಟ್ ಬಂತು: ಎಚ್ಐವಿ ಪಾಸಿಟಿವ್. ಸೋಂಕು ತಡೆಯಲು ಮೂರು ದಿನದೊಳಗೆ ಶುರು ಮಾಡಬೇಕಾದ ಔಷಧಿಯ ಹೊತ್ತು ಮೀರಿತ್ತು.

“ಸಣ್ಣ ಒಡಕಿನಿಂದ ಬರೂದು ಭಾಳ ಅಪರೂಪ ಸಿಸ್ಟರ್. ಮೂರು ತಿಂಗಳ ಬಿಟ್ಟು ಟೆಸ್ಟ್ ಮಾಡಿಸ್ರಿ,” ಎಂದರು ಡಾಕ್ಟರು. ಸೋಂಕು ತಗುಲಿದ್ದರೂ ಪರೀಕ್ಷೆಯಲ್ಲಿ ಕಾಣಿಸದ ಈ ಅವಧಿಗೆ ವಿಂಡೋ ಪೀರಿಯಡ್ ಎನ್ನುತ್ತಾರೆ. ಇದನ್ನೆಲ್ಲ ನಾನೇ ಹತ್ತಾರು ಜನರಿಗೆ ಹೇಳಿದ್ದೆ. ನನಗೆ ಮಾತ್ರ ನಂಬಿಕೆ ಬರಲಿಲ್ಲ.

ರೊಟ್ಟಿ ಬಡಿಯುವುದನ್ನು ಬಿಟ್ಟೆ.

“ಯಾಕವಾ, ಏನಾತು?” ಅತ್ತೆ ಕೇಳಿದರು.

“ಕೈ ನೋಯಾಕತ್ತಾವ್ರಿ ಅತ್ತಿ.”

ಅವರು ಹಿಟ್ಟಿನ ಪರಾತವನ್ನು ತಮ್ಮ ಕಡೆ ಎಳೆದುಕೊಂಡರು. ನಾನು ಗಂಡನಿಗೆ ಹೇಳಲಿಲ್ಲ, ಅಳಲೂ ಇಲ್ಲ. ಡ್ಯೂಟಿ, ಮನೆ, ಮತ್ತೆ ಡ್ಯೂಟಿ. ಮಗಳ ಹೆರಳು ಹಾಕುವ ಮುಂಚೆ ಬೆರಳು ನೋಡಿಕೊಳ್ಳುವುದು ರೂಢಿಯಾಯಿತು.

ಏಪ್ರಿಲ್‌ನಲ್ಲಿ, ಪರಿಚಯದವರು ಯಾರೂ ಇಲ್ಲದ ಧಾರವಾಡದ ಒಂದು ಲ್ಯಾಬ್‌ನಲ್ಲಿ ರಕ್ತ ಕೊಟ್ಟೆ. ನೆಗೆಟಿವ್. ಸಂತೋಷವೇನೂ ಆಗಲಿಲ್ಲ. ಬಸ್ ನಿಲ್ದಾಣದಲ್ಲಿ ಚಹಾ ಕುಡಿದು ವಾಪಸ್ ಬಂದೆ.

ಅದೇ ವಾರ ಈರಪ್ಪನವರು ಕಾಲು ತೋರಿಸಲು ಬಂದಾಗ, ಅವರ ಹೆಂಡತಿ ನೀಲವ್ವ ನನ್ನ ಮೇಜಿನ ಹತ್ತಿರ ಬಂದಳು. ಮನೆಯವರು ಅವಳಿಗೆ ಏನನ್ನೂ ಹೇಳಿರಲಿಲ್ಲ. ಗಂಡನ ಊಟದ ತಟ್ಟೆಯನ್ನು ವಾರ್ಡಿನ ಆಯಾ ದೂರದಿಂದ ಸರಿಸಿದ್ದನ್ನು ನೋಡಿಯೇ, ಏನೋ ಅಂಟುರೋಗವೆಂದು ಅವಳು ಊಹಿಸಿದ್ದಳು.

“ಅಕ್ಕಾರ, ಅವರ ಗಾಯ ನಾನ ತೊಳದೇನ್ರಿ. ನನ್ನ ಕೈನೂ ಒಡದಾವ. ನನಗೇನರ ಆಕ್ಕೈತೇನ್ರಿ?”

“ಇಷ್ಟಕ್ಕ ಏನೂ ಆಗೂದಿಲ್ಲವಾ. ನನಗೂ ಹಿಂಗ ಆಗಿತ್ತು, ನಾ ಛಲೋ ಅದೇನಿ.”

ಅವಳು ನಕ್ಕು ಹೋದಳು. ಕೈಯ ಮಟ್ಟಿಗೆ ನನ್ನ ಉತ್ತರ ಸರಿಯಾಗಿತ್ತು. ಆದರೆ ಅವಳು ಅವರ ಹೆಂಡತಿ. ಗಂಡನ ಗುಟ್ಟು ಬಿಟ್ಟುಕೊಡದೆಯೂ ‘ನೀನೂ ಒಮ್ಮೆ ರಕ್ತ ತೋರಿಸು’ ಎನ್ನಬಹುದಿತ್ತು. ಮೂರು ತಿಂಗಳು ಬೆರಳನ್ನೇ ನೋಡಿದವಳಿಗೆ ಅವತ್ತೂ ಬೆರಳಷ್ಟೇ ಕಂಡಿತು.

ಎರಡು ವರ್ಷದ ನಂತರ ನೀಲವ್ವ ಕ್ಷಯ ಹಿಡಿದು ನಮ್ಮ ವಾರ್ಡಿಗೇ ಬಂದಳು. ತೂಕ ಮೂವತ್ತೆರಡು ಕೆಜಿ. ರಿಪೋರ್ಟ್ ಪಾಸಿಟಿವ್.

“ಏನೂ ಆಗೂದಿಲ್ಲ ಅಂದಿದ್ರಲ್ರಿ ಅಕ್ಕಾರ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಕೈಯಿಂದ ಆಗಿಲ್ಲವಾ,” ಎಂದೆ.

ಆಮೇಲೆ ನಿವೃತ್ತಿಯವರೆಗೂ, ಯಾರೇ ಗಾಯ ತೋರಿಸಿ ಹೆದರಿ ಬಂದರೂ, ಗಾಯದ ಮಾತು ಮುಗಿಸಿ ಸ್ಟೂಲ್ ಎಳೆದು ಕೂರಿಸುತ್ತಿದ್ದೆ. ಮನೆಯ ವಿಷಯ ಕೇಳುತ್ತಿದ್ದೆ. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಕೆಲಸ ಮುಗಿಯುವುದಿಲ್ಲವೆಂದು ಈ ವೃತ್ತಿ ಕಲಿಸಿತು. ಗಡಿಬಿಡಿಯಲ್ಲಿ ತಪ್ಪಾಯಿತು ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನೀಲವ್ವ ಕೇಳಿದ ದಿನ ವಾರ್ಡಿನಲ್ಲಿ ಇದ್ದದ್ದು ಇಬ್ಬರೇ ಪೇಶಂಟರು.