ಹಿಂದಿನ ಕೋಣೆಯ ಬಿಸಿನೀರು

ಮನುಷ್ಯ ಚಂದ್ರನ ಮೇಲೆ ನಡೆದಾಡಿದ್ದರಲ್ಲಿ ನನ್ನ ಪಾಲು ಇಷ್ಟೇ: ಒಮ್ಮೆ ಒಬ್ಬರ ಬಾಯಿ ಮುಚ್ಚಿಸಿದೆ. ವಿನಯಕ್ಕೆ ಹೇಳುತ್ತಿಲ್ಲ. ವಿನಯ ತೋರಿಸಬೇಕಾದರೆ ಮೊದಲು ಯಾರಾದರೂ ಹೊಗಳಬೇಕಾಗುತ್ತದೆ.

ಆಗ ನಾನು ಮೇರಿಲ್ಯಾಂಡಿನಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಕೆಲಸಕ್ಕಿದ್ದ ಹುಡುಗ. ಟೀವಿಯಲ್ಲಿ ಜಗತ್ತು ಕಂಡದ್ದು ದೂರದ ಟೆಕ್ಸಸಿನ ಮುಂದಿನ ಕೋಣೆಯನ್ನು. ಬಿಳಿ ಅಂಗಿ, ಸಿಗರೇಟಿನ ಹೊಗೆ, ಗೋಡೆಯಷ್ಟು ಪರದೆ. ನಮ್ಮದು ಹಿಂದಿನ ಕೋಣೆ. ಭೂಮಿಯ ಮೇಲೆ ಅಲ್ಲಲ್ಲಿ ಬಾಯಿ ತೆರೆದು ನಿಂತ ಆಂಟೆನಾಗಳಿಗೂ ನೌಕೆಗೂ ನಡುವಿನ ಮಾತು ಕಡಿಯದಂತೆ ಕಾಯುವುದು ನಮ್ಮ ಉದ್ಯೋಗ. ಅಲ್ಲಿ ಮಡಿ ಬಲು ಬಿಗಿ. ನನಗೆ ಏನಾದರೂ ಹೊಳೆದರೆ ಮುಂದಿನ ಕೋಣೆಯ ನಮ್ಮವನಿಗೆ ಮಾತ್ರ ಹೇಳಬಹುದು. ಅವನು ನಿರ್ದೇಶಕನಿಗೆ, ನಿರ್ದೇಶಕ ಮಾತುಗಾರನಿಗೆ, ಮಾತುಗಾರ ಮೇಲಿದ್ದವರಿಗೆ. ಆ ಮಾತುಗಾರನೂ ಗಗನಯಾತ್ರಿಯೇ ಆಗಿರಬೇಕು, ಗರ್ಭಗುಡಿಗೆ ಅರ್ಚಕರೇ ಹೋಗುವ ಹಾಗೆ. ನಾವು ಹಣ್ಣುಕಾಯಿ ಹಿಡಿದು ಹೊಸ್ತಿಲಾಚೆ ನಿಂತವರು.

ಒಂದು ಪ್ರಯಾಣದಲ್ಲಿ ಮೇಲಿನವರ ಸದ್ದೇ ಅಡಗಿತು. ಬರೀ ಗೊರಗೊರ. ನೌಕೆಯ ರೇಡಿಯೋ ಕೆಟ್ಟಿದೆ ಎಂದು ಮುಂದಿನ ಕೋಣೆ ತೀರ್ಮಾನಿಸಿ, ಅವರಿಂದ ಯಾವ ಗುಂಡಿ ಒತ್ತಿಸಬೇಕೆಂದು ಚರ್ಚೆಗೆ ಕೂತಿತು. ನಮ್ಮ ಮೇಲಧಿಕಾರಿ, ವರ್ಜೀನಿಯಾದ ಒಬ್ಬ ಮುದುಕ, ಹೇಳುತ್ತಿದ್ದ: ಮೇಲಿರುವುದು ಉತ್ತರ ಕೊಡದಿದ್ದರೆ ಮೊದಲು ನೆಲವನ್ನು ಅನುಮಾನಿಸು. ನೆಲವನ್ನು ಅನುಮಾನಿಸಿದೆ. ಭೂಮಿ ತಿರುಗಿದಂತೆ ಒಂದು ಆಂಟೆನಾ ಮಾತು ನಿಲ್ಲಿಸಿ ಇನ್ನೊಂದಕ್ಕೆ ಒಪ್ಪಿಸಬೇಕು. ಹಳೆಯದು ನಿಲ್ಲಿಸಿರಲಿಲ್ಲ. ಎರಡೂ ಒಟ್ಟಿಗೆ ಕೂಗುತ್ತಿದ್ದವು. ಪಾಪ, ನೌಕೆ ಯಾರ ಮಾತು ಕೇಳಬೇಕು? "ಹಳೆಯದರ ಬಾಯಿ ಮುಚ್ಚಿಸಿ" ಎಂದೆ. ಮುಂದಿನ ಕೋಣೆಯವನು ಯಾಕೆ ಎನ್ನಲಿಲ್ಲ, ಯಾರು ಹೇಳಿದ್ದು ಎನ್ನಲಿಲ್ಲ, ಹಾಗೇ ದಾಟಿಸಿದ. ಮೇಲಿಂದ ದನಿ ಸ್ವಚ್ಛವಾಗಿ ಬಂತು. ಗಗನಯಾತ್ರಿ ಥ್ಯಾಂಕ್ಸ್ ಹೇಳಿದ, ಮಾತುಗಾರನಿಗೆ. ಈಚೆಗೆ ಮತ್ತೆ ಚಂದ್ರನ ಸುದ್ದಿ ಶುರುವಾದ ಮೇಲೆ, ಮೇರಿಲ್ಯಾಂಡಿನಲ್ಲೇ ಇರುವ ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟಿನ ಸಾಫ್ಟ್‌ವೇರ್ ಮಕ್ಕಳು, "ಅಂಕಲ್, ಆಸ್ಟ್ರೋನಾಟ್ಸ್ ಜೊತೆ ಫೋಟೋ ಇದ್ಯಾ?" ಎಂದು ಕೇಳುತ್ತಾರೆ. ಇಲ್ಲಪ್ಪ. ನನ್ನ ಬಳಿ ಇರುವುದು ಹಳೆಯ ಪಾರ್ಕಿಂಗ್ ಪಾಸು.

ಆ ಕೋಣೆಯ ರೋಗ ಮನೆಗೂ ಬಂತು. ಹೆಂಡತಿಗೆ ಹೇಳಬೇಕಾದ್ದನ್ನು ಮಗಳ ಕೈಲಿ ಹೇಳಿಸುತ್ತಿದ್ದೆ. "ಅಮ್ಮಂಗೆ ಹೇಳು, ಸಾರು ಚೆನ್ನಾಗಿದೆ." ಅಡುಗೆಮನೆಯಿಂದ ಉತ್ತರ ನೇರವಾಗಿ ಬರುತ್ತಿತ್ತು: "ನಾನೇನು ಚಂದ್ರನ ಮೇಲಿದ್ದೀನಾ? ಎರಡು ಹೆಜ್ಜೆ ಬಂದು ಹೇಳಿದ್ರೆ ಕಾಲು ಸವೆಯುತ್ತಾ?" ಹೇಳಬಹುದಿತ್ತು. ನಾಳೆ ಹೇಳೋಣ ಎಂದುಕೊಳ್ಳುತ್ತಿರುವಾಗಲೇ ಮಗಳಿಗೆ ಮದುವೆಯಾಗಿ, ಅವಳು ದೂರದ ಅಟ್ಲಾಂಟಾ ಬಳಿಯ ಸುವಾನಿಯಲ್ಲಿ ಮನೆ ಮಾಡಿದಳು.

ಕೋವಿಡ್ ಬಂದಾಗ ಹೆಂಡತಿ ಆ ಮನೆಯಲ್ಲೇ ಇದ್ದಳು. ನಾನು ಇಲ್ಲಿ. ಎರಡನೆಯ ಚಳಿಗಾಲದಲ್ಲಿ ಅವಳಿಗೆ ಜ್ವರ ಹಿಡಿದು, ಅಟ್ಲಾಂಟಾ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದರು. ಒಳಗೆ ಯಾರಿಗೂ ಪ್ರವೇಶವಿಲ್ಲ. ಸುದ್ದಿ ಬರುತ್ತಿದ್ದ ದಾರಿ ಹೀಗೆ: ನರ್ಸಿನಿಂದ ವಾರ್ಡಿನ ಡಾಕ್ಟರಿಗೆ, ಅವರಿಂದ ನನ್ನ ಅಳಿಯನಿಗೆ, ಅಳಿಯನಿಂದ ಮಗಳಿಗೆ, ಮಗಳಿಂದ ನನಗೆ. ಅಳಿಯನೂ ಡಾಕ್ಟರೇ, ಆದ್ದರಿಂದ ಅವನೇ ಮಾತುಗಾರ. ಅವನ ಪರಿಣತಿ ಚರ್ಮರೋಗದಲ್ಲಿ ಎಂಬುದು ಬೇರೆ ಮಾತು. ವ್ಯವಸ್ಥೆ ನೋಡಿ ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ಈ ಮಡಿ ನನಗೆ ಗೊತ್ತಿದ್ದದ್ದೇ.

ಒಂದು ಬೆಳಿಗ್ಗೆ ಮಗಳ ಫೋನು.

"ಅಪ್ಪಾ, ಅಮ್ಮ ಕೋಆಪರೇಟ್ ಮಾಡ್ತಿಲ್ವಂತೆ. ನೀರೇ ಕುಡೀತಿಲ್ಲ. ಕಪ್ ಕೊಟ್ರೆ ತಳ್ಳಿಬಿಟ್ಳಂತೆ, ನರ್ಸ್ ಮೇಲೆಲ್ಲ ಚೆಲ್ಲಿದೆ. ಕನ್‌ಫ್ಯೂಸ್ಡ್ ಅಂತ ಬರ್ಕೊಂಡಿದಾರೆ. ಹೀಗೇ ಆದ್ರೆ ಕೈ ಕಟ್ಟಿ, ಮೂಗಿಗೆ ಟ್ಯೂಬ್ ಹಾಕ್ತಾರಂತೆ."

"ಇಂಗ್ಲಿಷಿನಲ್ಲಿ ಹೇಳೋಕೆ ಅವಳಿಗೇನು ಬರಲ್ವಾ?"

"ಜ್ವರ ಬಂದಾಗಿಂದ ಬರೀ ಕನ್ನಡ, ಅಪ್ಪಾ. ಇಂಡಿಯನ್ ಅಂತ ವಿಡಿಯೋದಲ್ಲಿ ಒಬ್ಬ ಹಿಂದಿ ಇಂಟರ್‌ಪ್ರಿಟರ್‌ನ ತಂದ್ರಂತೆ. ಅಮ್ಮ ಗೋಡೆ ಕಡೆ ತಿರುಗಿಬಿಟ್ಳು."

ಅದು ಗೊಂದಲವಲ್ಲ, ಪೂರ್ತಿ ಎಚ್ಚರದ ಲಕ್ಷಣ ಎಂದು ನನಗೆ ಅನ್ನಿಸಿತು. ನೆಲವನ್ನು ಅನುಮಾನಿಸಿದೆ.

"ಆ ನೀರಿಗೆ ಐಸ್ ಹಾಕಿದ್ರಾ?"

"ಹಾಸ್ಪಿಟಲ್ ಅಲ್ವಾ, ಐಸ್ ಇರುತ್ತೆ. ಸೋ?"

"ಸೋ ಏನೇ? ಕೆಮ್ಮಿದ್ದಾಗ ನಿಮ್ಮಮ್ಮ ತಣ್ಣೀರು ಮುಟ್ಟಿದ್ದು ನೀನು ಹುಟ್ಟಿದಾಗಿಂದ ನೋಡಿದ್ದೀಯಾ? ಬಿಸಿನೀರು ಕೊಡಿ ಅಂತ ಹೇಳಿಸು. ಅಷ್ಟೇ. ಬೇರೇನೂ ಬೇಡ."

ಅವಳು ಫೋನನ್ನು ಅಳಿಯನಿಗೆ ಕೊಟ್ಟಳು. ಮಾತುಗಾರ ಬಹಳ ಮೃದುವಾಗಿ ಮಾತಾಡಿದ. "ಮಾವ, ಅವರು ಆಕ್ಸಿಜನ್ ನಂಬರ್ ನೋಡ್ತಾ ಒದ್ದಾಡ್ತಿದಾರೆ. ನಾನು ಕಾಲ್ ಮಾಡಿ ಬಿಸಿನೀರು ಅಂದ್ರೆ ನನ್ನ ಏನಂತ ಅಂದ್ಕೋತಾರೆ?"

"ಅಳಿಯ ಅಂತ ಅಂದ್ಕೋತಾರೆ."

"ಲೆಟ್ಸ್ ಬಿ ಪ್ರಾಕ್ಟಿಕಲ್, ಮಾವ."

ಚಂದ್ರನಿಗೆ ದಾಟಿಹೋದ ನನ್ನ ಮಾತು ಸುವಾನಿಯಲ್ಲೇ ನಿಂತುಬಿಟ್ಟಿತು. ಟೆಕ್ಸಸಿನ ಆ ಮನುಷ್ಯನ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಆದರೂ ಅವನು ನನ್ನ ಮಾತನ್ನು ಪ್ರಾಕ್ಟಿಕಲ್ಲೋ ಅಲ್ಲವೋ ಎಂದು ತೂಗದೆ ದಾಟಿಸಿದ್ದ. ಇವನ ಮದುವೆಯಲ್ಲಿ ನಾನು ಇವನ ಕಾಲು ತೊಳೆದಿದ್ದೆ.

ಆ ಮಧ್ಯಾಹ್ನ ಮಡಿ ಮುರಿದೆ. ಆಸ್ಪತ್ರೆಯ ನಂಬರು ಹುಡುಕಿ, ಒಬ್ಬರಿಂದ ಒಬ್ಬರಿಗೆ ದಾಟಿ, ವಾರ್ಡು ಮುಟ್ಟಿದೆ. ದಕ್ಷಿಣದವರ ರಾಗ ಎಳೆಯುವ ಇಂಗ್ಲಿಷಿನಲ್ಲಿ ಒಬ್ಬ ನರ್ಸು ಮಾತಾಡಿದಳು. ಸುದ್ದಿ ತಿಳಿಸಬಹುದಾದವರ ಪಟ್ಟಿಯಲ್ಲಿರುವುದು ಮಗಳು, ಅಳಿಯನ ಹೆಸರು, ನಿಮ್ಮೊಡನೆ ರೋಗಿಯ ವಿಷಯ ಚರ್ಚಿಸುವಂತಿಲ್ಲ ಎಂದಳು. ನಾನು ಗಂಡ ಎಂದೆ. ಇರಬಹುದು ಸರ್, ಆದರೆ ಪಟ್ಟಿಯಲ್ಲಿಲ್ಲ ಎಂದಳು. ಮದುವೆಯಾದಾಗಿಂದ ನನ್ನ ಸ್ಥಾನವನ್ನು ಇಷ್ಟು ಖಚಿತವಾಗಿ ಯಾರೂ ಹೇಳಿರಲಿಲ್ಲ.

"ನೀವು ಏನೂ ಹೇಳಬೇಡಿ. ಕೇಳಿ ಸಾಕು. ಐಸ್ ಬೇಡ. ಬಿಸಿನೀರು ಕೊಡಿ. ನಾವು ಕಾಫಿ ಕುಡಿಯೋ ಅಷ್ಟು ಬಿಸಿ" ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಆ ಕಡೆಯಿಂದ ಬಂದದ್ದು ಇಷ್ಟೇ: "ಹ್ಯಾವ್ ಎ ಬ್ಲೆಸ್ಡ್ ಡೇ, ಸರ್."

ಮರುದಿನ ಮಗಳು ಫೋನಿನಲ್ಲಿ ಅಳುತ್ತ ನಗುತ್ತಿದ್ದಳು. "ಅಮ್ಮ ಕುಡೀತಿದಾಳೆ ಅಪ್ಪಾ! ಟ್ಯೂಬ್ ಬೇಡ್ವಂತೆ! ಇವ್ರು ಕೊನೆಗೂ ಮಾತಾಡಿದ್ರು ಅನ್ಸತ್ತೆ." ಹಿಂದುಗಡೆಯಿಂದ ಅಳಿಯ ಏನೋ ಅಂದ. ಹೌದು ಎಂದನೋ ಇಲ್ಲ ಎಂದನೋ ಕೇಳಿಸಲಿಲ್ಲ. ನಾನೂ ಕೇಳಲಿಲ್ಲ. ಯಾರು ಹೇಳಿದ್ದು ಎಂದು ಕೇಳಬಾರದೆಂಬುದೂ ಹಿಂದಿನ ಕೋಣೆಯ ಮಡಿಯೇ.

ವಸಂತದಲ್ಲಿ, ಲಸಿಕೆ ಹಾಕಿಸಿಕೊಂಡು, ಅವಳನ್ನು ಮನೆಗೆ ಕರೆತರಲು ನಾನು ಸುವಾನಿಗೆ ಹೋದೆ. ಅಳಿಯ ತಾನೇ ಡ್ರೈವ್ ಮಾಡಿ ಇಬ್ಬರನ್ನೂ ಜರ್ಮನ್‌ಟೌನಿಗೆ ಬಿಡುತ್ತೇನೆಂದ. ಮುಂದಿನ ಸೀಟಿನಲ್ಲಿ ಅವನೂ ಅವಳೂ, ಹಿಂದೆ ನಾನು. ದಕ್ಷಿಣ ಕೆರೊಲಿನಾ ಮುಗಿಯುವ ತನಕ ಅವಳ ಬಾಯಲ್ಲಿ ಆಸ್ಪತ್ರೆಯ ಕಥೆಯೇ.

"ಆ ಐಸ್ ನೋಡಿದ್ರೇ ನಂಗೆ ಜೀವ ಹೋಗೋದು. ಯಾರಿಗೆ ಹೇಳ್ಲಿ? ಆಮೇಲೆ ಆ ಹುಡುಗಿ ಬಂದ್ಳು ನೋಡಿ, ಕಪ್ಪಲ್ಲಿ ಹೊಗೆ ಆಡ್ತಿತ್ತು. ನಿಮ್ಮ ಫ್ಯಾಮಿಲಿಯಿಂದ ಕಾಲ್ ಬಂತು ಅಂದ್ಳು. ನಂಗಾಗ್ಲೇ ಗೊತ್ತಾಯ್ತು, ಇದು ನಮ್ಮ ಅಳಿಯಂದಿರದ್ದೇ ಕೆಲ್ಸ ಅಂತ. ಇವರದ್ದಲ್ಲ ಬಿಡಿ, ಇವರು ಜರ್ಮನ್‌ಟೌನಲ್ಲಿ ಕೂತು ನ್ಯೂಸ್ ನೋಡ್ತಿದ್ರು."

ಅಳಿಯ ರಸ್ತೆ ನೋಡುತ್ತಿದ್ದ. ರಸ್ತೆ ನೇರವಾಗಿಯೇ ಇತ್ತು.

ಉತ್ತರ ಕೆರೊಲಿನಾದ ಒಂದು ರೆಸ್ಟ್ ಏರಿಯಾದಲ್ಲಿ ಅವನು ಇಳಿದುಹೋದ. ಕಾರಿನಲ್ಲಿ ನಾವಿಬ್ಬರೇ. ಮಧ್ಯೆ ಯಾರೂ ಇಲ್ಲ. ಎದುರಿಗಿದ್ದದ್ದು ಅವಳ ನೆತ್ತಿ. ಜ್ವರದಲ್ಲಿ ಉದುರಿದ ಕೂದಲು ಇನ್ನೂ ಬಂದಿರಲಿಲ್ಲ.

"ಆ ಬಿಸಿನೀರು ನಾನು ಹೇಳಿದ್ದು" ಎಂದೆ.

ಅವಳು ತಿರುಗಲಿಲ್ಲ. "ಯಾರ ಹತ್ರ ಹೇಳಿಸಿದ್ರಿ?"

"ಯಾರ ಹತ್ರಾನೂ ಅಲ್ಲ. ನಾನೇ ಫೋನ್ ಮಾಡಿದೆ. ವಾರ್ಡಿಗೇ."

"ನೀವು?" ಅವಳು ನಕ್ಕಳು, ನಕ್ಕದ್ದು ಕೆಮ್ಮಾಯಿತು. "ಪಕ್ಕದ ರೂಮಿಂದ ಸಾರು ಚೆನ್ನಾಗಿದೆ ಅನ್ನೋಕೆ ಮಗಳು ಬೇಕಿತ್ತು ನಿಮಗೆ. ಅಷ್ಟು ದೂರಕ್ಕೆ, ಗುರುತಿಲ್ಲದವರಿಗೆ, ನೀವು ಫೋನ್ ಮಾಡಿದ್ರಿ? ಸಾಕು ಬಿಡಿ. ಅಳಿಯ ಒಳ್ಳೆ ಹುಡುಗ. ಅವನ ಪುಣ್ಯಕ್ಕೆ ಯಾಕೆ ಪಾಲು ಕೇಳ್ತೀರಿ?"

ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ, ಕೊನೆಯ ತೀರ್ಮಾನವೊಂದನ್ನು ಬಿಟ್ಟು. ಅಷ್ಟು ವರ್ಷ ನೇರವಾಗಿ ಮಾತಾಡದೆ ನಾನೇ ಹಾಸಿಕೊಟ್ಟ ನೆಲದ ಮೇಲೆ ನಿಂತು ಅವಳು ಮಾತಾಡುತ್ತಿದ್ದಳು.

ಅಷ್ಟರಲ್ಲಿ ಅಳಿಯ ವಾಪಸು ಬಂದ. ಕೈಯಲ್ಲಿ ಕಾಗದದ ಲೋಟ. ಕೆಮ್ಮು ಅಲ್ಲಿಗೂ ಕೇಳಿಸಿತ್ತೋ ಏನೋ. "ಅತ್ತೆ, ಬಿಸಿನೀರು. ಹುಷಾರು, ತುಂಬಾ ಸುಡತ್ತೆ."

ಅವಳು ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡಳು. ಆಗ ಹಿಂದಕ್ಕೆ ತಿರುಗಿ, ಮೊದಲ ಸಲ ನನ್ನ ಮುಖ ನೋಡಿ, "ನೋಡಿದ್ರಾ?" ಎಂದಳು.

ನೋಡಿದೆ. ಆವಿ ಮುಂದಿನ ಗಾಜಿಗೆ ಹಬ್ಬುತ್ತಿತ್ತು. ಅಳಿಯ ಕನ್ನಡಿಯಲ್ಲಿ ಒಂದು ಕ್ಷಣ ನನ್ನನ್ನು ಕಂಡು, ಕನ್ನಡಿಯನ್ನು ಸರಿಮಾಡಿಕೊಂಡ.

"ಬೆಲ್ಟ್ ಹಾಕ್ಕೊಳ್ಳಿ, ಮಾವ."

ಹಾಕಿಕೊಂಡೆ.