ಜ್ವಾಲಾಮುಖಿ ಕಲ್ಲಿನ ನೀರು

ಸ್ವೀಡನ್ನಿನ ಲಿಂಕೋಪಿಂಗ್‌ನ ನಲ್ಲಿ ನೀರಿನಲ್ಲಿ ಯಾವ ದೋಷವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ನಡೆದದ್ದನ್ನು ಕೇಳಿದವರು ನೀರಿನ ವಿಷಯದಲ್ಲೇ ನಾನು ತಪ್ಪಿದ್ದೆನೇನೋ ಎಂಬಂತೆ ಮುಖ ಮಾಡುತ್ತಾರೆ. ವರ್ಷಗಳಿಂದ ಬಳಸುತ್ತಿರುವ ನನ್ನ ಕೆಟಲ್ಲಿನ ತಳದಲ್ಲಿ ಬಿಳಿ ಪದರವಿಲ್ಲ. ಬೆಂಗಳೂರಿನಲ್ಲಿ ನಾವಿದ್ದ ಬಾಡಿಗೆ ಮನೆಯ ಬೋರ್‌ವೆಲ್ ನೀರು ಬಕೆಟ್ಟಿನ ಅಂಚಿಗೂ ಷವರಿನ ತೂತಿಗೂ ಸುಣ್ಣ ಬಳಿಯುತ್ತಿತ್ತು. ಎಷ್ಟು ಸೀಟಿ ಹೊಡೆಸಿದರೂ ಬೇಳೆ ಕಾಳುಕಾಳಾಗಿಯೇ ಉಳಿಯುತ್ತಿತ್ತು. ಗಡಸು ನೀರು ಎಂದರೇನೆಂದು ನನಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಆದರೂ ಒಂದು ಶನಿವಾರ ಅಣ್ಣ ಪಾಠ ಮಾಡಿದರು.

ಅಣ್ಣ ನನ್ನ ರಕ್ತಸಂಬಂಧಿಯಲ್ಲ. ನಾನು ಓದಲು ಬಂದ ಮೊದಲ ಚಳಿಗಾಲದಲ್ಲಿ ಸ್ಟೇಷನ್ನಿಗೆ ಬಂದು ನನ್ನ ಸೂಟ್‌ಕೇಸನ್ನು ಹಿಮದಲ್ಲಿ ಎಳೆದವರು. ಪರ್ಸೂನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ ಸಿಗುವ ತನಕ ಕಚೇರಿಗೆ ಜೊತೆಯಲ್ಲಿ ಅಲೆದವರು. ಈ ಶನಿವಾರದ ಹೊತ್ತಿಗೆ ಅವರ ಐಟಿ ಕೆಲಸ ಹೋಗಿತ್ತು. ಬೇಗ ಬೇರೆ ಕೆಲಸ ಸಿಗದಿದ್ದರೆ ವರ್ಕ್ ಪರ್ಮಿಟ್ ಹೋಗುತ್ತದೆ, ಪರ್ಮಿಟ್ ಹೋದರೆ ಅತ್ತಿಗೆ, ಐದು ವರ್ಷದ ಮಗಳು, ಎಲ್ಲರೂ ಗಂಟುಮೂಟೆ ಕಟ್ಟಬೇಕು. ನೀರು ಶುದ್ಧ ಮಾಡುವ ಮಷೀನು ಮಾರುವ ಸಣ್ಣ ಕಂಪನಿಯೊಂದು ಕೆಲಸ ಕೊಡುವ ಮಾತಾಡಿತ್ತು, ಆದರೆ ಮೊದಲು ನಿಮ್ಮ ಜನರಿಂದ ಒಂದಷ್ಟು ಆರ್ಡರ್ ತನ್ನಿ ಎಂದಿತ್ತು. ಇದು ಆ ದಿನ ಅಲ್ಲಿ ಸೇರಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಸೇರಿದ್ದು ಆಂಟಿಯ ಮನೆಯಲ್ಲಿ. ಈ ಊರಿನ ಕನ್ನಡದವರೆಲ್ಲ ಆಕೆಯನ್ನು ಆಂಟಿ, ಆಕೆಯ ಗಂಡನನ್ನು ಅಂಕಲ್ ಎನ್ನುತ್ತೇವೆ. ಮೇಜಿನ ಮೇಲೆ ನಿಪ್ಪಟ್ಟು, ದಾಲ್ಚಿನ್ನಿ ಬನ್ನು, ಉಪ್ಪು ಬೆರೆಸದೆ ಇಟ್ಟಿದ್ದ ಸೌತೆಕಾಯಿ ಕೋಸಂಬರಿ, ಪಕ್ಕದಲ್ಲಿ ಉಪ್ಪಿನ ಬಟ್ಟಲು. ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಷೀನಿನ ಪಕ್ಕ ನಿಂತಿದ್ದರು, ಅತ್ತಿಗೆ ಮತ್ತು ಮಗಳು ಎದುರಿಗೇ ಕೂತಿದ್ದರು. ಅದರೊಳಗೆ ಕಪ್ಪು ಗುಂಡುಗಳ ಒಂದು ಕೊಳವೆ. ಅಟ್ಲಾಂಟಿಕ್‌ನ ಜ್ವಾಲಾಮುಖಿ ದ್ವೀಪವೊಂದರ ಲಾವಾ ಕಲ್ಲಂತೆ ಅದು. ಅಲ್ಲಿನ ಜನ ಆ ಕಲ್ಲಿನೊಳಗಿಂದ ಜಿನುಗಿದ ನೀರನ್ನೇ ಕುಡಿಯುವುದರಿಂದ ಅವರ ಮೂಳೆ ಗಟ್ಟಿ, ಹಲ್ಲು ಗಟ್ಟಿ, ಆಯುಸ್ಸು ಗಟ್ಟಿ. ಬಾಯಿಪಾಠ ಎಂದು ಕೇಳಿದರೇ ತಿಳಿಯುತ್ತಿತ್ತು.

ಅವರ ಗ್ರಹಚಾರಕ್ಕೆ ನಾನು ಅಂಥದೇ ದ್ವೀಪದಲ್ಲಿ ಒಂದು ಸೆಮಿಸ್ಟರ್ ಓದಿ ಬಂದಿದ್ದೆ. ನಾನಿದ್ದ ಬೀದಿಯಲ್ಲಿ ನಲ್ಲಿ ನೀರನ್ನು ನಾಯಿಗೂ ಇಡುತ್ತಿರಲಿಲ್ಲ. ಸೋಪು ನೊರೆ ಬರುತ್ತಿರಲಿಲ್ಲ, ಕಾಫಿ ಉಪ್ಪುಪ್ಪಾಗುತ್ತಿತ್ತು, ಮನೆಯೊಡತಿ ವಾರಕ್ಕೊಮ್ಮೆ ಕೆಟಲ್ಲಿಗೆ ವಿನೆಗರ್ ಸುರಿದು ಶಾಪ ಹಾಕುತ್ತಿದ್ದಳು. ಆ ಕಲ್ಲು ನೀರಿಗೆ ಫ್ಲೋರೈಡ್ ಬಿಡುತ್ತದೆಂದು ಮಕ್ಕಳಿಗೆ ಬಾಟಲಿ ನೀರೇ. ಅಲ್ಲಿನ ಕೆಲವು ಮುದುಕರು ನಕ್ಕರೆ ನನಗೆ ಪಾವಗಡದ ಕಡೆಯ ಕಂದು ಹಲ್ಲುಗಳ ನೆನಪಾಗುತ್ತಿತ್ತು. ಇದನ್ನೆಲ್ಲ ಕೂತಲ್ಲಿಂದಲೇ ಹೇಳಿದೆ. ಅಂಕಲ್ ಕೆಮ್ಮಿದರು. ಅಣ್ಣ ನನ್ನತ್ತ ನೋಡದೆ ಎರಡು ಲೋಟ ಮುಂದಿಟ್ಟರು.

ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಮಷೀನಿನ ನೀರು. ಎರಡಕ್ಕೂ ಕರೆಂಟಿನ ಕಡ್ಡಿ ಇಳಿಬಿಟ್ಟು ಸ್ವಿಚ್ ಹಾಕಿದರು. ನಲ್ಲಿ ನೀರು ನೋಡನೋಡುತ್ತ ಕೆಸರಾಯಿತು, ಮಷೀನಿನದು ತಿಳಿಯಾಗಿಯೇ ಉಳಿಯಿತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಾಗಿಲು ತಟ್ಟುವ ಫಿಲ್ಟರ್ ಮಾರಾಟಗಾರರ ಹಳೇ ಆಟ. ಕೆಸರು ನೀರಿನದಲ್ಲ, ಕಬ್ಬಿಣದ ಕಡ್ಡಿಯದು. ಮಷೀನು ಲವಣ ತೆಗೆದ ನೀರಿನಲ್ಲಿ ಕರೆಂಟು ಹರಿಯುವುದಿಲ್ಲ, ಹಾಗಾಗಿ ಬಣ್ಣ ಬಿಡುವುದಿಲ್ಲ, ಅಷ್ಟೆ.

ಕಾಲೇಜಿನಲ್ಲಿ ಡಿಬೇಟ್ ಕಲಿಸಿದ ಮೇಷ್ಟ್ರು ಹೇಳುತ್ತಿದ್ದರು: ಪುರಾವೆ ತೋರಿಸುವ ಮುಂಚೆ ಎದುರಾಳಿಯ ಬಾಯಿಂದಲೇ ನಿಯಮ ಹೇಳಿಸು, ಆಮೇಲೆ ಅವನು ಓಡಲಾರ.

"ಅಣ್ಣಾ, ಬಣ್ಣ ಬಂದ್ರೆ ಅದು ನೀರೊಳಗಿರೋ ಕೊಳೆ, ಅಲ್ವಾ?"

"ಹೌದಮ್ಮಾ, ಕಣ್ಣೆದುರಿಗೇ ಇದೆಯಲ್ಲ."

"ಬರ್ದಿದ್ರೆ ಶುದ್ಧ?"

"ಶುದ್ಧ." ಆ ಹೊತ್ತಿಗೆ ಅವರಿಗೆ ಅರ್ಥವಾಗಿತ್ತು. ದನಿ ಇಳಿದಿತ್ತು.

ಕೋಸಂಬರಿಯ ಪಕ್ಕದ ಬಟ್ಟಲಿನಿಂದ ಚಿಟಿಕೆ ಉಪ್ಪು ತೆಗೆದು ಅವರ ತಿಳಿನೀರಿಗೆ ಹಾಕಿದೆ. ನಾವು ದಿನಾ ತಿನ್ನೋ ಉಪ್ಪೇ, ನೋಡ್ಕೊಳ್ಳಿ ಎಂದೆ. ಸ್ವಿಚ್ಚನ್ನೂ ನಾನೇ ಹಾಕಿದೆ. ಅದು ನಲ್ಲಿ ನೀರಿಗಿಂತ ಬೇಗ, ನಲ್ಲಿ ನೀರಿಗಿಂತ ಗಾಢವಾಗಿ ಕೆಸರಾಯಿತು.

"ಜ್ವಾಲಾಮುಖಿ ಸಿಡೀತಲ್ಲಪ್ಪಾ," ಎಂದರು ಅಂಕಲ್. ಮನೆ ತುಂಬ ನಗು. ಅಣ್ಣನೂ ನಕ್ಕರು, ಅವರ ನಗು ಎಲ್ಲರದಕ್ಕಿಂತ ಕೊನೆಗೆ ನಿಂತಿತು. ಅತ್ತಿಗೆ ಎದ್ದು ಲೋಟಗಳನ್ನು ಸಿಂಕಿಗೆ ಸುರಿದು, ಎರಡನ್ನೂ ತೊಳೆದು ಒರೆಸಿಟ್ಟರು. ಆರ್ಡರ್ ಮಾತು ಯಾರೂ ಎತ್ತಲಿಲ್ಲ.

ಹೊರಡುವಾಗ ಆಂಟಿ ನನ್ನನ್ನು ಅಡುಗೆಮನೆಗೆ ಕರೆದು ಡಬ್ಬಿಗೆ ನಿಪ್ಪಟ್ಟು ತುಂಬಿಕೊಟ್ಟರು.

"ನಮ್ಮನ್ನೆಲ್ಲ ಉಳಿಸ್ದೆ ಕಣೇ. ಪಾಪ, ಕೆಲಸ ಹೋದವನಿಗೆ ಬೇಡ ಅನ್ನೋಕಾಗತ್ತಾ? ಎಲ್ಲರೂ ಒಂದೊಂದು ತಗೊಂಡುಬಿಡೋಣ ಅಂತ ಮಾತಾಡ್ಕೊಂಡಿದ್ವಿ. ಅಂಕಲ್‌ಗೆ ಆ ಕಡ್ಡಿ ಆಟ ಗೊತ್ತಿಲ್ವಾ? ನಮ್ಮ ಜಯನಗರದ ಮನೇಲೇ ನೋಡಿದ್ರು. ಈಗ ನೀನೇ ಹೇಳಿದ ಮೇಲೆ ಬಿಡು, ನಾವ್ಯಾಕೆ ಕೆಟ್ಟೋರಾಗ್ಬೇಕು?"

ಅಂದರೆ ಆ ಮನೆಯಲ್ಲಿ ನಾನು ಒಬ್ಬರ ಅಭಿಪ್ರಾಯವನ್ನೂ ಬದಲಿಸಿರಲಿಲ್ಲ. ಎಲ್ಲರೂ ಮೊದಲೇ ನನ್ನ ಪಕ್ಷದಲ್ಲಿದ್ದರು. ಅವರಿಗೆ ಬೇಕಿದ್ದದ್ದು ವಾದವಲ್ಲ, ನೆಪ. ಅದನ್ನು ಚಿಟಿಕೆಯಲ್ಲಿ ಹಿಡಿದು ಕೊಟ್ಟವಳು ನಾನು. ನಿಪ್ಪಟ್ಟು ಅದರ ಸಂಭಾವನೆ.

ಬಸ್ ಸ್ಟಾಪಿನಲ್ಲಿ ಅವರು ಮೂವರೂ ಇದ್ದರು, ಮಷೀನು ಮಗಳ ಹಳೆಯ ಸ್ಟ್ರಾಲರಿನಲ್ಲಿ ಕೂತಿತ್ತು. ಅಣ್ಣ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು. ಅತ್ತಿಗೆ ಮಾತ್ರ ಹತ್ತಿರ ಬಂದರು.

"ಇದನ್ನೇ ಸೋಮವಾರ ಕೇಳಿದ್ರೆ ಆಗ್ತಿರ್ಲಿಲ್ವಾ?"

"ಆರ್ಡರ್ ಆದ್ಮೇಲೆ ಕೇಳಿದ್ರೆ ಅದು ಪ್ರಶ್ನೆ ಅಲ್ಲ ಅತ್ತಿಗೆ, ಗಾಸಿಪ್ಪು."

"ಗೆದ್ದೆ ಬಿಡು," ಎಂದರು.

ಆ ಉತ್ತರ ಈಗಲೂ ಸರಿಯೆಂದೇ ನನ್ನ ವಾದ.

ಕಂಪನಿಯ ಕೆಲಸ ಸಿಗಲಿಲ್ಲ, ಬೇರೆಯದೂ ಸಿಗಲಿಲ್ಲ. ಬೇಸಿಗೆ ಮುಗಿಯುವ ಮುಂಚೆ ಪರ್ಮಿಟ್ ಹೋಯಿತು. ಬೀಳ್ಕೊಡುಗೆ ಅದೇ ಆಂಟಿಯ ಮನೆಯಲ್ಲಿ, ಅದೇ ಮೇಜಿನ ಸುತ್ತ ನಡೆಯಿತು. ಎಲ್ಲರೂ ಸೇರಿ ಬೆಲೆಬಾಳುವ ಸ್ವೀಡಿಷ್ ಗಾಜಿನ ಹೂದಾನಿ ಕೊಟ್ಟರು. ಅದರ ದುಡ್ಡಿನಲ್ಲಿ ಒಂದು ಮಷೀನಾದರೂ ಬರುತ್ತಿತ್ತೇನೋ. ಅಂಕಲ್ ಭಾಷಣದಲ್ಲಿ ಅಣ್ಣನಂಥ ಸಹಾಯಜೀವಿ ಇಲ್ಲ ಎಂದರು.

ಊಟದ ಮಧ್ಯೆ ಅಣ್ಣ ನನ್ನ ಬಳಿ ಬಂದು ಕೂತರು. ಅವರ ಮಗಳು ನೀರು ಕುಡಿಯುವುದನ್ನೇ ಬಿಟ್ಟಿದ್ದಾಳಂತೆ. ಅವರು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ನಲ್ಲಿ ನೀರು ಕೆಸರಾಗುವುದನ್ನು ನೋಡಿ ಆಗಲೇ ಅದನ್ನು ಬಿಟ್ಟಿದ್ದಳು, ಮಷೀನಿನದು ಮಾತ್ರ ಕುಡಿಯುತ್ತಿದ್ದಳು. ಆ ಶನಿವಾರದ ನಂತರ ಅದೂ ಇಲ್ಲ. ಜ್ಯೂಸು, ಹಾಲು, ಅಷ್ಟೆ. ಆ ಆಟವನ್ನು ನಂಬಿದವಳು ಇಡೀ ಊರಿನಲ್ಲಿ ಅವಳೊಬ್ಬಳೇ.

"ನೀನು ಮಾತಲ್ಲಿ ಜೋರಲ್ವಾ, ಒಂಚೂರು ಹೇಳಮ್ಮಾ ಅವಳಿಗೆ," ಎಂದರು. ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಉತ್ತರ ಕೊಡುತ್ತಿದ್ದೆ.

ಹೇಳಿದೆ. ಕಬ್ಬಿಣದ ಕಡ್ಡಿ, ಉಪ್ಪು, ಕರೆಂಟು, ಒಂದೂ ಬಿಡದೆ, ಅವಳಿಗೆ ಸಲೀಸಾದ ಸ್ವೀಡಿಷ್‌ನಲ್ಲೇ. ಅವಳು ಪೂರ್ತಿ ಕೇಳಿಸಿಕೊಂಡು, ಸ್ವೀಡಿಷ್‌ನಲ್ಲೇ, ಬಣ್ಣ ಬಂದರೆ ಕೊಳೆ ಅಂತ ಅಪ್ಪ ಹೇಳಿದ್ದು, ಮಷೀನಿನ ನೀರಲ್ಲೂ ಬಣ್ಣ ಬರಿಸಿದ್ದು ನೀನು, ಎಂದಳು.

ಎದ್ದು ಹೋಗಿ ನಲ್ಲಿಯಿಂದ ಒಂದು ಲೋಟ ಹಿಡಿದು ತಂದೆ. ಅವಳ ಎದುರೇ ಒಂದೇ ಗುಟುಕಿಗೆ ಕುಡಿದು ಲೋಟ ಬೋರಲು ಹಾಕಿ ತೋರಿಸಿದೆ. ಅವಳು ಲೋಟ ನೋಡಲಿಲ್ಲ. ಬಗ್ಗಿ, ನನ್ನ ಹೊಟ್ಟೆಯನ್ನೇ ನೋಡುತ್ತ ಕೂತಳು, ಬಣ್ಣ ಬರಲಿ ಎಂದು ಕಾಯುತ್ತ.