ಅಣ್ಣ ಗಂಟು ಹಾಕಿದ ಹಗ್ಗ

ನನ್ನನ್ನು ನೋಡಿದವರೆಲ್ಲ ಮೊದಲು ನನ್ನ ಪಕ್ಕದಲ್ಲಿರುವವರನ್ನು ಮಾತಾಡಿಸುತ್ತಾರೆ. 'ಆಕಿಗೆ ಚಹಾ ಬೇಕೇನು?' 'ಆಕಿಗೆ ಬಸ್ಸಿನ್ಯಾಗ ವಾಂತಿ ಆಗ್ತೈತೇನು?' ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ, ನಿಜ. ಆದರೆ ಕಿವಿ ಇವೆ, ಬಾಯಿ ಇದೆ. ಬಾಯಿ ಸ್ವಲ್ಪ ಹೆಚ್ಚೇ ಇದೆ ಎಂದು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹೇಳಲಿ.

ಮುಂಡಗೋಡದ ಹತ್ತಿರದ ಹಳ್ಳಿ ನಮ್ಮದು. ಅಲ್ಲಿನ ಮನೆಯಲ್ಲಿ ನಾನು ಹಿಡಿದುಕೊಂಡು ಓಡಾಡಲಿ ಎಂದು ಹಿತ್ತಲ ಬಾಗಿಲಿನಿಂದ ಬಚ್ಚಲಿಗೆ, ಅಲ್ಲಿಂದ ದನದ ಕೊಟ್ಟಿಗೆಗೆ ಅಣ್ಣ ಒಂದು ಹಗ್ಗ ಕಟ್ಟಿದ್ದ. ತಿರುಗಬೇಕಾದಲ್ಲಿ ಗಂಟು, ಮೆಟ್ಟಿಲು ಇರುವಲ್ಲಿ ಜೋಡಿ ಗಂಟು. ಅಪ್ಪ ಅವ್ವ ಹೋದ ಮೇಲೆ ನನ್ನನ್ನು ಸಾಕಿದವನು ಅವನೇ. ಪ್ರೀತಿಯಿಂದಲೇ ಕಟ್ಟಿದ್ದ, ಅಲ್ಲಗಳೆಯುವುದಿಲ್ಲ. ಆದರೆ ಹಗ್ಗ ಎಲ್ಲಿ ಮುಗಿಯುತ್ತಿತ್ತೋ ಅಲ್ಲಿಗೆ ನನ್ನ ಊರೂ ಮುಗಿಯುತ್ತಿತ್ತು. ಬೇಲಿ ದಾಟಿದರೆ ವೈನಿಯ ಕೂಗು. ಒಲೆಯ ಹತ್ತಿರ ಹೋದರೆ ಇನ್ನೂ ದೊಡ್ಡ ಕೂಗು.

ಜಗಳ ಮಾಡಿಯೇ ಹೊರಬಿದ್ದೆ. ದಾಂಡೇಲಿಯಲ್ಲಿ ಅವ್ವನ ಗೆಳತಿಯೊಬ್ಬಳು ಖಾನಾವಳಿ ನಡೆಸುತ್ತಿದ್ದಳು. ಆಕೆಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯಲು ಕಲಿತೆ. ಬೆರಳು ಸುಟ್ಟುಕೊಂಡೆ, ಸುಟ್ಟದ್ದು ನನ್ನ ಬೆರಳು, ಊರಿನವರದ್ದಲ್ಲ. ಹಿಟ್ಟು ತೆಳ್ಳಗಾದಂತೆ ಅಂಗೈಯ ಸದ್ದು ಬದಲಾಗುತ್ತದೆ, ಬೆಂದದ್ದನ್ನು ವಾಸನೆಯೇ ಹೇಳುತ್ತದೆ. ಆದರೂ ಊಟಕ್ಕೆ ಬಂದವರದು ಅದೇ ರಾಗ: 'ಪಾಪ, ಆಕಿ ಹೆಂಗ ಮಾಡ್ತಾಳ್ರೀ?' ನನ್ನ ರೊಟ್ಟಿ ತಿನ್ನುತ್ತ, ನನ್ನೆದುರಿಗೇ, ಖಾನಾವಳಿಯವಳನ್ನು ಕೇಳುವುದು! ಮೈಯೆಲ್ಲ ಉರಿಯುತ್ತಿತ್ತು.

ಒಬ್ಬ ಮಾತ್ರ ಹಾಗೆ ಕೇಳಲಿಲ್ಲ. ಹಳಿಯಾಳದಿಂದ ಜೋಳದ ಹಿಟ್ಟು, ಕಾಯಿಪಲ್ಲೆ ತರುತ್ತಿದ್ದ ಟೆಂಪೊದವನು. ಚೀಲ ಇಳಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತು, 'ಊಟ ಆತೇನ್ರಿ?' ಎಂದ. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ. ನನ್ನನ್ನೇ ಕೇಳಿದ್ದು ಎಂದು ಹೊಳೆಯಲೇ ಇಲ್ಲ. 'ರೊಟ್ಟಿ ಬಡಿಯೋರನ್ನ ಕೇಳಾಕತ್ತೀನ್ರಿ,' ಎಂದ. ಆವತ್ತು ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು.

ಬರುಬರುತ್ತ ಟೆಂಪೊದ ಸದ್ದಿಗೆ ಕಾಯತೊಡಗಿದೆ. ಇಷ್ಟಪಟ್ಟೆ, ಅದರಲ್ಲೇನು ಮುಚ್ಚುಮರೆ? ಅವನು ಮದುವೆಯ ಮಾತು ಎತ್ತಿದಾಗ ಹೇಳಿದೆ: 'ನನ್ನ ಯಾರೂ ಯಾರ ಕೈಯಾಗೂ ಕೊಡೂದು ಬ್ಯಾಡ. ಮೊದ್ಲ ಒಬ್ಬಾಕೀನ ಇದ್ದು ನೋಡ್ತೇನಿ. ಆಮ್ಯಾಲ ನಾನಾಗೇ ಬರ್ತೇನಿ.' 'ಆತ್ರಿ,' ಎಂದ. ದಾಂಡೇಲಿಯಲ್ಲೇ, ಬಂಗೂರನಗರದಲ್ಲಿ ನಾನೇ ಒಂದು ಬಾಡಿಗೆ ಕೋಣೆ ಹಿಡಿದೆ.

ಕೋಣೆಗೆ ಹೋದ ದಿನ ಅವನ ದನಿಯಲ್ಲಿ ಏನೋ ಸಡಗರ. 'ಹಿಂದಿನ ಬಾಗಲಾ ತಗೀರಿ, ಕೈ ಮುಂದ ಮಾಡ್ರಿ.' ಮಾಡಿದೆ. ಹಗ್ಗ ಸಿಕ್ಕಿತು, ಬಾಗಿಲಿನಿಂದ ನಳದ ತನಕ. ಬೆರಳು ಮುಂದೆ ಸರಿಯಿತು: ಒಂದು ಗಂಟು, ಆಮೇಲೆ ಜೋಡಿ ಗಂಟು. ನನ್ನ ಕೈಯ ಜಿಡ್ಡು ಕುಡಿದು ನುಣುಪಾದ ಅದೇ ಹಗ್ಗ.

'ಎಲ್ಲಿಂದ ಬಂತಿದು?'

'ನಿಮ್ಮ ಅಣ್ಣಾರ ಹತ್ರ ಮದುವಿ ಮಾತಾಡಾಕ ಹೋಗಿದ್ದೆ. ಅವರೇ ಬಿಚ್ಚಿ ಕೊಟ್ರು. ಇನ್ನ ಈಕಿನ್ನ ನೀ ನೋಡ್ಕೊ ಅಂದ್ರು.'

ಇಬ್ಬರು ಗಂಡಸರು ಕೂತು, ಚಹಾ ಕುಡಿದು, ನನ್ನನ್ನು ಹಗ್ಗದ ಸಮೇತ ಕೈ ಬದಲಿಸಿದ್ದರು! ನಮ್ಮೂರಲ್ಲಿ ಆಕಳು ಮಾರಿದವರು ಕೂಡ ಹಗ್ಗ ಬಿಚ್ಚಿಕೊಂಡು ಮನೆಗೆ ಒಯ್ಯುತ್ತಾರೆ, ಅದನ್ನು ಕೊಟ್ಟರೆ ಮನೆಗೆ ಒಳ್ಳೆಯದಲ್ಲ ಅಂತ. ನನ್ನಣ್ಣ ಅದನ್ನೂ ಇಟ್ಟುಕೊಂಡಿರಲಿಲ್ಲ. ಬಾಯಿಗೆ ಬಂದಂತೆ ಬೈದೆ.

'ನೀವು ಬಿದ್ರ?' ಎಂದ ಅವನು, ಸಣ್ಣ ದನಿಯಲ್ಲಿ.

'ಬಿದ್ರ ಏಳ್ತೇನಿ! ಬೀಳೂದೂ ನಂದ, ಏಳೂದೂ ನಂದ. ಬಿಚ್ರಿ ಅದನ್ನ. ಎಲ್ಲಿಂದ ತಂದೀರೋ ಅಲ್ಲೇ ಕೊಟ್ಟು ಬರ್ರಿ. ಮದುವಿ ಗಿದುವಿ ಏನಿಲ್ಲ.'

ಬಿಚ್ಚಿದ. ನಮ್ಮ ಹಳ್ಳಿಗೆ ಹೋಗಿ ಕೊಟ್ಟೂ ಬಂದ. ಅಣ್ಣ ಅವನನ್ನು ಹಿಗ್ಗಾಮುಗ್ಗಾ ಬೈದನಂತೆ. ಬೈಸಿಕೊಳ್ಳಲಿ ಎಂದುಕೊಂಡೆ. ಅವನು ಖಾನಾವಳಿಗೆ ಬಂದಾಗಲೆಲ್ಲ, 'ಸಿಟ್ಟ ಇಳೀತೇನ್ರಿ?' ಎನ್ನುತ್ತಿದ್ದ. 'ಇಲ್ಲ' ಎನ್ನುತ್ತಿದ್ದೆ. ಕೋಣೆಗೆ ಬಂದರೆ ಅವನ ನೆನಪಾಗಿ ಅಳು ಬರುತ್ತಿತ್ತು. ಅಳು ಬಂತಲ್ಲ ಎಂದು ಮತ್ತೂ ಸಿಟ್ಟು ಬರುತ್ತಿತ್ತು.

ಮಳೆಗಾಲ ಹಿಡಿಯಿತು. ನಳದ ಹತ್ತಿರದ ಕಲ್ಲಿಗೆ ಪಾಚಿ ಕಟ್ಟಿತು. ಒಂದು ಸಂಜೆ ಅವನು ನನ್ನ ಕೋಣೆಗೆ ಬೇಕಾದ ಹಿಟ್ಟು ತಂದು ಹಿತ್ತಲಲ್ಲಿ ನಿಂತಿದ್ದ. ನಾನು ಕೊಡ ಹಿಡಿದು ನಳದ ಕಡೆ ಹೊರಟೆ. ಕಾಲು ಜಾರಿತು. ಕೊಡ ಒಂದು ಕಡೆ, ನಾನೊಂದು ಕಡೆ. ಮೊಣಕಾಲು ಒಡೆದು ರಕ್ತ ಬಿಸಿಯಾಗಿ ಇಳಿಯಿತು.

ಅವನ ಚಪ್ಪಲಿ ಕೆಸರಿನಲ್ಲಿ ಪಚಕ್ಕೆಂದು ಮುಂದೆ ಬಂತು. ಆಮೇಲೆ ನಿಂತಿತು. ಉಸಿರು ಕೇಳುವಷ್ಟು ಹತ್ತಿರದಲ್ಲಿದ್ದ. ಆದರೆ ಕೈ ಹಾಕಲಿಲ್ಲ, ಅಯ್ಯೋ ಎನ್ನಲಿಲ್ಲ. ನಾನು ನೆಲ ತಡವಿ ಕೊಡ ಹುಡುಕಿದೆ, ಎದ್ದೆ, ನೀರು ತುಂಬಿ ತಂದು ಬಾಗಿಲಲ್ಲಿ ಇಟ್ಟೆ.

'ಈಗರೆ ಏನರ ಮಾಡ್ಲೇನ್ರಿ?' ಎಂದ.

'ಒಳಗ ಡಬ್ಬ್ಯಾಗ ಅರಿಷಿಣ ಐತಿ. ತರ್ರಿ,' ಎಂದೆ. ಜಗಳವಾದ ಮೇಲೆ ಅವನನ್ನು ಒಳಗೆ ಕರೆದದ್ದು ಅದೇ ಮೊದಲು. ಮದುವೆಗೆ ಹೂಂ ಅಂದದ್ದೂ ಆವತ್ತೇ, ಕಾಲಿಗೆ ಅರಿಷಿಣ ಹಚ್ಚಿಕೊಳ್ಳುತ್ತ.

ಮೊನ್ನೆ ಅಣ್ಣ ಮನೆಗೆ ಬಂದಿದ್ದ. ಊಟಕ್ಕೆ ಕೂತು ನನ್ನ ಗಂಡನನ್ನು ಕೇಳಿದ, 'ಆಕಿ ಮೊಣಕಾಲು ಇನ್ನೂ ನೋಯ್ತೈತೇನು?'

'ಎದುರಿಗೇ ಕುಂತಾರಲ್ರಿ, ಅವರನ್ನ ಕೇಳ್ರಿ,' ಎಂದ ನನ್ನ ಗಂಡ, ತಟ್ಟೆಯಿಂದ ತಲೆ ಎತ್ತದೆ ಇರಬೇಕು, ಬಾಯಲ್ಲಿ ರೊಟ್ಟಿ ಇತ್ತು.

ಅಣ್ಣನ ದನಿ ನನ್ನ ಕಡೆ ತಿರುಗಿತು. 'ಹಗ್ಗ ಇದ್ದಿದ್ರ ನೀ ಬೀಳ್ತಿದ್ದಿಲ್ಲ, ತಂಗಿ.'

'ಬೀಳದಿದ್ರ ಈ ಮದುವೀನೂ ಆಗ್ತಿದ್ದಿಲ್ಲ, ಅಣ್ಣಾ,' ಎಂದೆ. 'ಇನ್ನೊಂದ ರೊಟ್ಟಿ ಹಾಕ್ಲೇನು?'